ರವಿವಾರ ಚಿತ್ರಗಳಿಗೂ ಸೂಟಿಯೇ? ಕಲಾ ಗ್ಯಾಲರಿಯ ವ್ಯವಸ್ಥಾಪನಾ ಸಮಿತಿಗೆ ಒಂದು ಬಹಿರಂಗ ಪತ್ರ

ಕಲಾ ಗ್ಯಾಲರಿ ವ್ಯವಸ್ಥಾಪನಾ ಸಮಿತಿಯ ಮಾನ್ಯ ಅಧ್ಯಕ್ಷರಿಗೆ ಹಾಗೂ ಸರ್ವ ಸದಸ್ಯರಿಗೆ,

ಸಾದರ ನಮಸ್ಕಾರಗಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದು ನಿವೃತ್ತನಾದವನು. ಕಳೆದ ತಿಂಗಳು ತಮ್ಮ ಗ್ಯಾಲರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮೊದಲ ಏಕವ್ಯಕ್ತಿ ಚಿತ್ರಕಲಾ ಪ್ರದರ್ಶನ ನಡೆಯಿತು. ತಮ್ಮ ಕಡತದಲ್ಲಿ ಅದು ಐದು ದಿನ ನಡೆದಿದೆ. ಅಷ್ಟೂ ದಿನ ಆಕೆಯ ಜೊತೆಗಿದ್ದು ನಾನು ಕಂಡ ಲೆಕ್ಕ ಬೇರೆಯೇ ಆಗಿರುವುದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ. ಪ್ರದರ್ಶನ ಮುಗಿದ ಮರುದಿನವೇ ಲಿಖಿತ ಮನವಿಯೊಂದನ್ನು ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೆ. ಮೂರು ವಾರ ಕಾದರೂ ಉತ್ತರ ಬಾರದ ಕಾರಣ ಅದೇ ಸಂಗತಿಗಳನ್ನು ಈಗ ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ಊರಿನ ಹೆಸರನ್ನೂ ಗ್ಯಾಲರಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಓದಿದ ಕೂಡಲೇ ತಮಗೆ ಗೊತ್ತಾಗುತ್ತದೆ. ಬೇರೆಯವರಿಗೆ ಇದು ತಮ್ಮ ಊರಿನ ಗ್ಯಾಲರಿಯದೇ ಕಥೆ ಎನ್ನಿಸಿದರೆ ಅದಕ್ಕೆ ನಾನು ಹೊಣೆಯಲ್ಲ. ಕಲಾವಿದೆಯ ಹೆಸರನ್ನು ಬಿಟ್ಟಿರುವುದಕ್ಕೆ ಕಾರಣ ಬೇರೆ. ನಾಳೆ ಮತ್ತೆ ಅರ್ಜಿ ಹಿಡಿದು ಇದೇ ಮೆಟ್ಟಿಲು ಹತ್ತಬೇಕಾದವಳು ಆಕೆ. ನನಗೆ ಆ ಅಂಜಿಕೆಯಿಲ್ಲ.

ಮೊದಲು ಆ ಚಿತ್ರಗಳ ಬಗ್ಗೆ ಹೇಳಬೇಕು, ಯಾಕೆಂದರೆ ಅವು ಎಂಥವು ಎಂದು ತಿಳಿಯದೆ ನನ್ನ ದೂರು ಬರಿಯ ಗೊಣಗಾಟವಾಗಿ ಕೇಳಿಸೀತು. ಆಕೆ ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ತಂದೆ ಇಂದಿಗೂ ಕುಣಿಮಗ್ಗದಲ್ಲಿ ಕುಳಿತು ಕುಪ್ಪಸದ ಖಣ ನೇಯುತ್ತಾರೆ. ಮಣ್ಣಿನ ಮಾಳಿಗೆಯ ತಗ್ಗು ಮನೆ. ಮಗ್ಗದ ಕೋಣೆಗೆ ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ ಇದೆ. ಬೆಳಗಿನಿಂದ ಸಂಜೆಯವರೆಗೆ ಆ ಬೆಳಕಿಂಡಿಯಿಂದ ಇಳಿಯುವ ಅಂಗೈಯಗಲದ ಬೆಳಕು ಗೋಡೆಯಿಂದ ಮಗ್ಗಕ್ಕೆ ಬಿಗಿದ ಹಾಸುನೂಲಿನ ಮೇಲಕ್ಕೆ, ಹಾಸಿನಿಂದ ನೇಯುವವರ ಕೈ ಮೇಲಕ್ಕೆ, ಅಲ್ಲಿಂದ ಎದುರು ಗೋಡೆಗೆ ಸರಿಯುತ್ತಾ ಹೋಗುತ್ತದೆ. ಆಕೆ ಬರೆದದ್ದು ಅದನ್ನು. ಹದಿನಾಲ್ಕು ಜಲವರ್ಣ ಚಿತ್ರಗಳಲ್ಲಿ ಇರುವುದು ಒಂದೇ ಮಗ್ಗ, ಒಂದೇ ಕೋನ. ಬದಲಾಗುವುದು ಹೊತ್ತು ಮಾತ್ರ. ಮೊದಲನೆಯದರಲ್ಲಿ ಹೆಚ್ಚುಕಡಿಮೆ ಕಾಳಕತ್ತಲೆ, ಅದರ ನಡುವೆ ಬೆಳಕು ಬಿದ್ದ ಏಳೆಂಟು ಎಳೆ ನೂಲು. ಆರು, ಏಳನೆಯ ಚಿತ್ರಕ್ಕೆ ಬರುವಾಗ ನಡುಮಧ್ಯಾಹ್ನ. ಖಣದ ಕೆಂಪು ಒಮ್ಮೆಲೇ ಹತ್ತಿಕೊಂಡಂತೆ ಕಾಣುತ್ತದೆ, ಅದರೊಳಗಿನ ಸೂಜಿಮಲ್ಲಿಗೆಯ ಹೂವುಗಳನ್ನು ಎಣಿಸಬಹುದು. ಕೊನೆಯದರಲ್ಲಿ ಬೆಳಕಿಂಡಿ ಕಪ್ಪಾಗಿ, ತಂತಿಗೆ ತೂಗುಬಿದ್ದ ಬಲ್ಬೊಂದು ಉರಿಯುತ್ತಿದೆ. ಲಾಳಿ ಹಾಸಿನ ಮೇಲೆ ಸುಮ್ಮನೆ ಬಿದ್ದಿದೆ, ಮಗ್ಗದಲ್ಲಿ ಯಾರೂ ಇಲ್ಲ.

ಈ ಹದಿನಾಲ್ಕರ ಜೊತೆಗೆ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್‌ನಲ್ಲಿ ಬರೆದ ಹನ್ನೆರಡು ದೊಡ್ಡ ಚಿತ್ರಗಳಿದ್ದವು. ಅವು ಚೆನ್ನಾಗಿವೆ, ಆದರೆ ಪ್ರದರ್ಶನದ ಜೀವವಿದ್ದದ್ದು ಜಲವರ್ಣಗಳಲ್ಲಿ. ಆ ಕತ್ತಲೆಗೆ ಆಕೆ ಕಪ್ಪು ಬಣ್ಣದ ಟ್ಯೂಬನ್ನು ಮುಟ್ಟಿಲ್ಲ. ಇಂಡಿಗೊ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರವೆಂಬಂತೆ ಏಳೆಂಟು ಸಲ ತೆಳುವಾಗಿ ಹಾಕಿದ್ದಾಳೆ. ಬೆಳಕು ಬಿದ್ದ ನೂಲಿನ ಎಳೆಗಳು ಬಣ್ಣವೇ ಅಲ್ಲ. ಅಷ್ಟು ಪದರಗಳ ನಡುವೆಯೂ ಕೈ ತಪ್ಪದಂತೆ ಉಳಿಸಿಕೊಂಡ ಬಿಳಿ ಕಾಗದ. ನೀರುಬಣ್ಣದಲ್ಲಿ ಒಮ್ಮೆಯಾದರೂ ಕೈಯಾಡಿಸಿದವರಿಗೆ ಅದರ ಕಷ್ಟ ಗೊತ್ತು. ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದುಕೊಂಡು, ವರ್ಷಕ್ಕೆ ಎಷ್ಟು ತಿಂಗಳು ಗೌರವಧನ ಬರುತ್ತದೋ ಅಷ್ಟರಲ್ಲೇ ಕಾಗದ, ಬಣ್ಣ ಕೊಂಡು, ಎರಡು ವರ್ಷ ಕುಳಿತು ಮಾಡಿದ ಕೆಲಸ ಇದು. ಚಿತ್ರಗಳಿಗೆ ಕಟ್ಟು (ಫ್ರೇಮು) ಹಾಕಿಸಿದ್ದಕ್ಕೇ 31,000 ರೂಪಾಯಿ ಆಯಿತು. ಅದರಲ್ಲಿ ಅರ್ಧ ಕೈಸಾಲ.

ಇನ್ನು ಆ ಐದು ದಿನಗಳ ಸಂಗತಿ. ದಿನಕ್ಕೆ 1,500ರಂತೆ 7,500 ರೂಪಾಯಿ ಬಾಡಿಗೆಯನ್ನೂ 3,000 ರೂಪಾಯಿ ಠೇವಣಿಯನ್ನೂ ಎರಡು ತಿಂಗಳು ಮೊದಲೇ ಕಟ್ಟಿ ಗುರುವಾರದಿಂದ ಸೋಮವಾರದವರೆಗೆ ಸಭಾಂಗಣ ಕಾಯ್ದಿರಿಸಲಾಗಿತ್ತು. ಗುರುವಾರ ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಚಿತ್ರಗಳನ್ನು ತೂಗುಹಾಕುವ ಕೆಲಸದಲ್ಲೇ ಹಗಲು ಕಳೆಯಿತು. ಸಂಜೆ ನಾಲ್ಕೂವರೆಗೆ ಇಟ್ಟುಕೊಂಡಿದ್ದ ಉದ್ಘಾಟನೆಗೆ ಮುಖ್ಯ ಅತಿಥಿಗಳು ಬಂದದ್ದು ಆರು ಗಂಟೆ ಹತ್ತು ನಿಮಿಷಕ್ಕೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಭಾಷಣ, ವಂದನಾರ್ಪಣೆ ಎಲ್ಲ ಮುಗಿದಾಗ ಏಳು ಇಪ್ಪತ್ತು. ಎಂಟಕ್ಕೆ ಸಿಬ್ಬಂದಿ ದೀಪ ಆರಿಸಿದರು. ಶುಕ್ರವಾರ ಬಾಗಿಲು ತೆರೆದದ್ದು ಹನ್ನೊಂದು ಹತ್ತಕ್ಕೆ. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಊಟದ ಬೀಗ. ಸಂಜೆ ಐದೂವರೆಗೆ ಮುಕ್ತಾಯ. ಶನಿವಾರ ಎರಡನೆಯ ಶನಿವಾರ, ಸರ್ಕಾರಿ ರಜೆ. ರವಿವಾರ ಎಂದಿನ ರಜೆ. ಸೋಮವಾರ ಹತ್ತೂವರೆಗೆ ತೆರೆದು ಒಂದೂವರೆ ಗಂಟೆಯೂ ಕಳೆದಿರಲಿಲ್ಲ, ಮರುದಿನ ಸಭಾಂಗಣದಲ್ಲಿ ಇಲಾಖೆಯೊಂದರ ಕಾರ್ಯಾಗಾರವಿದೆ, ಕುರ್ಚಿ ಹಾಕಿಸಬೇಕು, ಎರಡು ಗಂಟೆಯೊಳಗೆ ಗೋಡೆ ಖಾಲಿ ಮಾಡಿ ಎಂಬ ಸೂಚನೆ ಬಂತು.

ಕೂಡಿಸಿ ನೋಡಿದೆ. ಗುರುವಾರ ನಲವತ್ತು ನಿಮಿಷ, ಶುಕ್ರವಾರ ಐದು ಗಂಟೆ ಇಪ್ಪತ್ತು ನಿಮಿಷ, ಸೋಮವಾರ ಒಂದೂವರೆ ಗಂಟೆ. ಒಟ್ಟು ಏಳೂವರೆ ಗಂಟೆ. ತೆತ್ತ ಬಾಡಿಗೆಯನ್ನು ಇದಕ್ಕೆ ಹಂಚಿದರೆ ಗಂಟೆಗೆ ಸರಿಯಾಗಿ ಒಂದು ಸಾವಿರ ರೂಪಾಯಿ. ಮುಚ್ಚಿದ ಎರಡು ದಿನಗಳ ಬಾಡಿಗೆಯನ್ನಾದರೂ ಹಿಂದಿರುಗಿಸಲು ಸಾಧ್ಯವೇ ಎಂದು ಕಚೇರಿಯಲ್ಲಿ ವಿನಯದಿಂದಲೇ ಕೇಳಿದೆ. "ರಜೆ ದಿನಾನೂ ಹಾಲ್ ನಿಮ್ಮ ಹೆಸರಿನ್ಯಾಗೇ ಇತ್ತಲ್ರಿ ಸರ್" ಎಂಬ ಉತ್ತರ ಬಂತು. ಉತ್ತರಿಸಿದವರ ಮೇಲೆ ನನಗೆ ಕೋಪವಿಲ್ಲ. ನಿಯಮದ ಪುಸ್ತಕದಲ್ಲಿ ಬರೆದದ್ದನ್ನೇ ಅವರು ಹೇಳಿದರು. ಆದರೆ ಆ ನಿಯಮ ಬರೆದವರು ಚಿತ್ರಪ್ರದರ್ಶನವನ್ನು ಗೋದಾಮಿನಲ್ಲಿ ಮಾಲು ಇಡುವ ಕೆಲಸವೆಂದು ತಿಳಿದಿದ್ದಿರಬೇಕು. ಮಾಲಿಗೆ ಬೀಗ ಹಾಕಿದರೂ ಅದು ಗೋದಾಮಿನಲ್ಲಿ ಇದ್ದಂತೆಯೇ ಲೆಕ್ಕ. ಗೋಡೆಯ ಮೇಲಿನ ಚಿತ್ರಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ರವಿವಾರ ಏನಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ. ಬಾಗಿಲು ತೆರೆದಿರುವುದಿಲ್ಲವೆಂದು ಶುಕ್ರವಾರ ಸಂಜೆ ತಿಳಿದ ಕೂಡಲೇ ಆಕೆ ಊರಿಗೆ ಫೋನು ಮಾಡಿದಳು. ಅಷ್ಟರಲ್ಲಿ ಓಣಿಯ ಹನ್ನೊಂದು ಮಂದಿ ಸೇರಿ ಟಂಟಂ ಗಾಡಿ ಗೊತ್ತು ಮಾಡಿ ಮುಂಗಡ ಕೊಟ್ಟಾಗಿತ್ತು. ಹೇಗೂ ಹೊರಟಿದ್ದೇವೆ, ಯಾರಾದರೂ ಬಾಗಿಲು ತೆಗೆದಾರು ಎಂದು ಬಂದೇಬಿಟ್ಟರು. ಬಂದವರಲ್ಲಿ ಆಕೆಯ ತಂದೆ ಇದ್ದರು. ಕಾವಲುಗಾರರು ಒಳ್ಳೆಯ ಮನುಷ್ಯ. ಬೀಗದ ಕೈ ತಮ್ಮ ಬಳಿ ಇಲ್ಲ, ಅಧೀಕ್ಷಕರ ಮನೆಯಲ್ಲಿದೆ ಎಂದು ಬೇಸರಪಟ್ಟು ಹೇಳಿ, ಎಲ್ಲರಿಗೂ ಕುಡಿಯಲು ನೀರು ತಂದುಕೊಟ್ಟರು. ಅಧೀಕ್ಷಕರ ಫೋನಿಗೆ ನಾನು ನಾಲ್ಕು ಸಲ ಪ್ರಯತ್ನಿಸಿದೆ, ಉತ್ತರ ಬರಲಿಲ್ಲ. ರಜೆಯ ದಿನ ಫೋನು ಎತ್ತದಿರುವುದು ಅವರ ಹಕ್ಕು. ಕೊನೆಗೆ ಬೇವಿನ ಮರದ ನೆರಳಿನ ಕಟ್ಟೆಯ ಮೇಲೆ ಎಲ್ಲರೂ ಕುಳಿತರು. ಆಕೆ ತನ್ನ ಮೊಬೈಲಿನಲ್ಲಿದ್ದ ಚಿತ್ರಗಳ ಫೋಟೋಗಳನ್ನು ಒಬ್ಬೊಬ್ಬರಿಗೂ ತೋರಿಸಿದಳು. ತನ್ನದೇ ಮಗ್ಗವನ್ನು ಕುರಿತು ಮಗಳು ಬರೆದ ಚಿತ್ರವನ್ನು ಆ ತಂದೆ ಮೂರು ಬೆರಳಗಲದ ಗಾಜಿನಲ್ಲಿ, ಬಿಸಿಲಿಗೆ ಅಂಗೈ ಮರೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಮೂಲ ಚಿತ್ರ ಅಲ್ಲಿಂದ ಮೂವತ್ತು ಹೆಜ್ಜೆಯ ಮೇಲೆ, ಬೀಗ ಹಾಕಿದ ಕದದ ಆಚೆ ಇತ್ತು. ಅವರ ಜೊತೆ ಬಂದಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಚಿತ್ರಕ್ಕೂ ರವಿವಾರ ಸೂಟಿ ಐತೇನ್ರೀ ಮಾಸ್ತರ?"

ಆ ಪ್ರಶ್ನೆಯನ್ನು ಈಗ ತಮಗೆ ದಾಟಿಸುತ್ತಿದ್ದೇನೆ.

ಗ್ಯಾಲರಿಗೆ ಹೇಗೂ ಜನ ಬರುವುದಿಲ್ಲ, ತೆರೆದಿಟ್ಟು ಪ್ರಯೋಜನವೇನು ಎಂಬ ಮಾತು ಕಚೇರಿಯಲ್ಲಿ ಕೇಳಿಬಂತು. ಕೆಲಸಕ್ಕೆ ಹೋಗುವವರು ಬಿಡುವಾಗುವ ಹೊತ್ತಿಗೆ ಬಾಗಿಲು ಹಾಕಿ ಜನ ಬರುವುದಿಲ್ಲ ಎಂದರೆ ಹೇಗೆ? ಶುಕ್ರವಾರ ಬ್ಯಾಂಕ್ ಉದ್ಯೋಗಿಯೊಬ್ಬರು ಊಟದ ವಿರಾಮದಲ್ಲಿ ಬಂದು, ಬೀಗ ನೋಡಿ ತಿರುಗಿ ಹೋಗಿ, ಐದು ಗಂಟೆಗೆ ಮತ್ತೆ ಓಡುತ್ತಾ ಬಂದರು. ಒಂಬತ್ತನೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತು ಬೆಲೆ ಕೇಳಿಕೊಂಡು, ರವಿವಾರ ಮನೆಯವರನ್ನು ಕರೆದುಕೊಂಡು ಬರುತ್ತೇನೆ ಎಂದರು. ಆ ದಿನ ಬಾಗಿಲು ಹಾಕಿರುತ್ತದೆ ಎಂದು ಹೇಳುವಾಗ ಆಕೆಯ ಮುಖ ನೋಡಲಾಗಲಿಲ್ಲ. ಸೋಮವಾರ ಅವರಿಗೆ ಬಿಡುವಿರಲಿಲ್ಲ. ಇಡೀ ಪ್ರದರ್ಶನದಲ್ಲಿ ಮಾರಾಟವಾಗಬಹುದಾಗಿದ್ದ ಒಂದೇ ಚಿತ್ರ ಅದು.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದಿರುವ ಚಿತ್ರಸಂತೆಗೆ ಜನ ಕಾಲಿಡಲು ಜಾಗವಿಲ್ಲದಂತೆ ಸೇರುತ್ತಾರೆ. ಅದು ನಡೆಯುವುದು ರವಿವಾರ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಕೇಂದ್ರ ಸರ್ಕಾರದ್ದೇ ಸಂಸ್ಥೆ; ಅದಕ್ಕೂ ವಾರದ ರಜೆಯಿದೆ, ಆದರೆ ಸೋಮವಾರ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಸೋಮವಾರ ರಜೆ ಇಟ್ಟುಕೊಂಡು ರವಿವಾರ ತೆರೆದಿರುತ್ತವೆ. ಓದುವವರು ಯಾವಾಗ ಬರುತ್ತಾರೆಂಬುದು ಆ ಇಲಾಖೆಗೆ ಗೊತ್ತಿದೆ. ಮುಂಬಯಿಯಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿ ಆಗಬೇಕೆಂದು ಬೆನ್ನುಹತ್ತಿದವರಲ್ಲಿ ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರೂ ಒಬ್ಬರು. ಅಲ್ಲಿ ಹೊಸಬರ ಪ್ರದರ್ಶನಕ್ಕೆ ವರ್ಷಗಟ್ಟಲೆ ಸರದಿ ಕಾಯಬೇಕು ನಿಜ. ಆದರೆ ಸರದಿ ಬಂದ ವಾರ ರವಿವಾರವೂ ಬಾಗಿಲು ತೆರೆದಿರುತ್ತದೆ, ಸಂಜೆ ಏಳರವರೆಗೆ.

ಚಿತ್ರಸಂತೆಯನ್ನು ಹೊಗಳಿದ ಮಾತ್ರಕ್ಕೆ ಅಲ್ಲಿಗೇ ಹೋಗಲಿ ಎಂದು ಯಾರೂ ಹೇಳಬಾರದೆಂದು ಒಂದು ಮಾತು ಸೇರಿಸುತ್ತೇನೆ. ಸಂತೆಯಲ್ಲಿ ಒಂದು ಚಿತ್ರ ಸಾವಿರ ಚಿತ್ರಗಳ ನಡುವೆ ನಿಂತು ಕಣ್ಣು ಸೆಳೆಯಬೇಕು. ಸೆಳೆಯುವಂಥದ್ದು ಅಲ್ಲಿ ಗೆಲ್ಲುತ್ತದೆ. ಏಕವ್ಯಕ್ತಿ ಪ್ರದರ್ಶನದಲ್ಲಿ ಒಂದು ಚಿತ್ರದ ಮಾತನ್ನು ಪಕ್ಕದ ಚಿತ್ರ ಮುಂದುವರಿಸುತ್ತದೆ. ಇವಳ ಮೊದಲನೆಯ ಚಿತ್ರದ ಕತ್ತಲೆಯನ್ನು ಒಂಟಿಯಾಗಿ ನೋಡಿದವರಿಗೆ ಅದು ಮಸಿ ಚೆಲ್ಲಿದ ಹಾಳೆಯಂತೆ ಕಂಡೀತು. ಹದಿನಾಲ್ಕನ್ನೂ ನೋಡಿಕೊಂಡು ಬಂದು ಮತ್ತೆ ಮೊದಲನೆಯದರ ಮುಂದೆ ನಿಂತವರಿಗೆ ಅದು ಬೆಳಗು ಹರಿಯುವ ಮುಂಚಿನ ಹೊತ್ತು ಎಂಬುದು ಹೊಳೆಯುತ್ತದೆ. ಹೊಸ ಕಲಾವಿದರಿಗೆ ಎರಡು ವರ್ಷ ತಾವೇನು ಯೋಚಿಸಿದೆವು ಎಂಬುದನ್ನು ಒಂದೇ ಕೋಣೆಯಲ್ಲಿ ನಿಂತು ತಾವೇ ನೋಡಿಕೊಳ್ಳುವ ಮೊದಲ ಅವಕಾಶವೂ ಅದೇ. ಮನೆಯಲ್ಲಿ ಆಕೆ ಅವನ್ನು ಮಂಚದ ಕೆಳಗೆ ಒಂದರ ಮೇಲೊಂದು ಇಟ್ಟಿದ್ದಳು. ಹದಿನಾಲ್ಕನ್ನೂ ಸಾಲಾಗಿ ಆಕೆ ಸ್ವತಃ ನೋಡಿದ್ದು ತಮ್ಮ ಗ್ಯಾಲರಿಯಲ್ಲೇ ಮೊದಲು.

ಆ ಸಾಲು ಗುರುವಾರ ಸಂಜೆಯೇ ಮುರಿಯಿತು. ನಾಲ್ಕು ಗಂಟೆಯ ಹೊತ್ತಿಗೆ ಸಿಬ್ಬಂದಿಯವರು ಹತ್ತು ಅಡಿ ಅಗಲದ ಫ್ಲೆಕ್ಸ್ ತಂದರು. ಅದರಲ್ಲಿ ಮುಖ್ಯ ಅತಿಥಿಗಳ, ಗಣ್ಯರ, ತಮ್ಮೆಲ್ಲರ ಭಾವಚಿತ್ರಗಳಿದ್ದವು. ಕಲಾವಿದೆಯ ಹೆಸರು ಕೊನೆಯ ಸಾಲಿನಲ್ಲಿ, ಒತ್ತಕ್ಷರ ತಪ್ಪಾಗಿ ಅಚ್ಚಾಗಿತ್ತು. ವೇದಿಕೆಯ ಹಿಂದಿನ ಗೋಡೆಗೇ ಕಟ್ಟಬೇಕು, ಪದ್ಧತಿ ಹಾಗಿದೆ ಎಂದು, ಅಲ್ಲಿದ್ದ ಆರನೆಯ ಮತ್ತು ಏಳನೆಯ ಚಿತ್ರಗಳನ್ನು ನಾವು ಬೇಡವೆನ್ನುವಷ್ಟರಲ್ಲೇ ಇಳಿಸಿ ನೆಲಕ್ಕೆ ಒರಗಿಸಿದರು. ಬೆಳಗಿನಿಂದ ಸಂಜೆಯವರೆಗಿನ ಆ ದಿನಕ್ಕೆ ಮಧ್ಯಾಹ್ನವೇ ಇಲ್ಲದಂತಾಯಿತು. ಕುರ್ಚಿ ಸರಿಸುವಾಗ ಏಳನೆಯದರ ಕಟ್ಟಿಗೆ ಕಾಲು ತಾಗಿ ಮೂಲೆಯ ಗಾಜು ಒಡೆಯಿತು. ಚೂರೊಂದು ಒಳಗೆ ಸರಿದು ಕಾಗದದ ಮೇಲೆ ಎರಡು ಅಂಗುಲ ಗೀರು ಬಿತ್ತು, ಸರಿಯಾಗಿ ಖಣದ ಕೆಂಪಿನ ಮೇಲೆ. ಜಲವರ್ಣದಲ್ಲಿ ಅದನ್ನು ತಿದ್ದಲು ಬರುವುದಿಲ್ಲ. ಸಮಾರಂಭದಲ್ಲಿ ಎಲ್ಲರೂ ಕಲೆಯ ಮಹತ್ವ ಕುರಿತು ಮಾತನಾಡಿದರು. ಮುಖ್ಯ ಅತಿಥಿಗಳು ಎರಡನೆಯ ಚಿತ್ರದವರೆಗೆ ನಡೆದು, ಫೋಟೋ ತೆಗೆಸಿಕೊಂಡು, ಇನ್ನೊಂದು ಕಾರ್ಯಕ್ರಮವಿದೆಯೆಂದು ಹೊರಟರು. ಮರುದಿನದ ಪತ್ರಿಕೆಯಲ್ಲಿ ದೀಪ ಬೆಳಗುವ ಫೋಟೋ ಬಂತು, ಅದರ ಕೆಳಗೆ ಒಂಬತ್ತು ಗಣ್ಯರ ಹೆಸರು ಬಂತು. ಚಿತ್ರಗಳು ಯಾವುದರ ಮೇಲಿನವು ಎಂಬ ಒಂದು ಪದವೂ ಇರಲಿಲ್ಲ.

ಬೆಳಕಿನ ವಿಷಯ ಇನ್ನೂ ಬೇಸರದ್ದು. ಸಭಾಂಗಣದ ಚಾವಣಿಯ ನಡುವೆ ಉದ್ದಕ್ಕೆ ಹನ್ನೊಂದು ಟ್ಯೂಬ್‌ಲೈಟ್‌ಗಳಿವೆ, ನಾಲ್ಕು ಉರಿಯುವುದಿಲ್ಲ. ಉರಿಯುವ ಏಳೂ ಎದುರು ಗೋಡೆಯ ಚಿತ್ರಗಳ ಗಾಜಿನೊಳಗೆ ನೇರವಾಗಿ ಪ್ರತಿಫಲಿಸುತ್ತವೆ. ಕ್ಯಾನ್ವಾಸುಗಳಿಗೆ ಗಾಜಿಲ್ಲದ ಕಾರಣ ಅವು ಹೇಗೋ ಪಾರಾದವು. ಕತ್ತಲೆಯನ್ನೇ ಬರೆದ ಜಲವರ್ಣಗಳ ಮುಂದೆ ನಿಂತರೆ ನಮ್ಮ ಮುಖ, ನಮ್ಮ ಹಿಂದಿನ ಕಂಬ ಮತ್ತು ಬಿಳಿಯ ಟ್ಯೂಬು ಕಾಣುತ್ತಿದ್ದವು, ಮಗ್ಗ ಕಾಣುತ್ತಿರಲಿಲ್ಲ. ಶುಕ್ರವಾರ ನಾನೇ ಫೋನು ಮಾಡಿ ಕರೆಸಿದ ಹೈಸ್ಕೂಲಿನ ಮಕ್ಕಳು ಬಂದರು. ಅಭಿಪ್ರಾಯ ಪುಸ್ತಕದಲ್ಲಿರುವ ಆ ದಿನದ 43 ಸಹಿಗಳಲ್ಲಿ 28 ಅವರವೇ. ಒಬ್ಬ ಹುಡುಗ ಮೂರನೆಯ ಚಿತ್ರದ ಮುಂದೆ ಅತ್ತಿತ್ತ ವಾಲಿ ನೋಡಿ, ಏನೂ ಕಾಣದೆ, ತನ್ನ ನೋಟ್‌ಬುಕ್ಕನ್ನು ತಲೆಯ ಮೇಲೆ ಛತ್ರಿಯಂತೆ ಹಿಡಿದು ಟ್ಯೂಬಿನ ಬೆಳಕನ್ನು ಅಡ್ಡಗಟ್ಟಿದ. "ಈಗ ಕಾಣಸ್ತು ನೋಡ್ರಿ ಸರ್!" ಎಂದು ಕೂಗಿದ. ಆಮೇಲೆ ಮಕ್ಕಳೆಲ್ಲ ನೋಟ್‌ಬುಕ್ ಹಿಡಿದೇ ಪ್ರದರ್ಶನ ನೋಡಿದರು. ನನಗೆ ನಗು ಬಂತು. ಆಕೆ ನಗಲಿಲ್ಲ.

ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ. ಜಲವರ್ಣಕ್ಕೆ ಹೆಚ್ಚು ಬೆಳಕು ಬೇಕಾಗಿಯೂ ಇಲ್ಲ. ಬಣ್ಣ ಮಾಸಬಾರದೆಂದು ದೊಡ್ಡ ಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಬೆಳಕಿನ ಅಳತೆಯಲ್ಲಿ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಇಡುತ್ತವೆ, ತೈಲವರ್ಣಕ್ಕೆ 200ರ ಆಸುಪಾಸು. ಬೇಕಾದದ್ದು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಗೋಡೆಯ ಮೇಲೆ ಬೀಳುವ, ಹಳಿಯ ಮೇಲೆ ಸರಿಸಿ ತಿರುಗಿಸಿಕೊಳ್ಳಬಹುದಾದ ಟ್ರ್ಯಾಕ್ ಲೈಟು. ಬಟ್ಟೆ ಅಂಗಡಿಗಳಲ್ಲೂ ಈಗ ಅದಿದೆ. ಗೋಡೆಗೆ ಮೊಳೆ ಹೊಡೆಯಬಾರದೆಂಬ ತಮ್ಮ ನಿಯಮ ಸರಿಯಾದದ್ದೇ. ಆದರೆ ಅದರ ಬದಲಿಗೆ ಕೊಟ್ಟಿರುವುದು ಚಾವಣಿಯ ಹತ್ತಿರ ತುಕ್ಕು ಹಿಡಿದ ಒಂದು ಪೈಪು ಮತ್ತು ನೈಲಾನ್ ಹಗ್ಗ. ಚಿತ್ರದ ನಡುಭಾಗ ನೆಲದಿಂದ ಐದು ಅಡಿಯ ಒಳಗೆ, ನಿಂತವರ ಕಣ್ಣಿಗೆ ನೇರವಾಗಿರಬೇಕೆಂಬುದು ಎಲ್ಲ ಕಡೆಯೂ ಇರುವ ರೂಢಿ. ಅಷ್ಟೆತ್ತರದಿಂದ ಇಳಿಬಿಟ್ಟ ಹಗ್ಗದಲ್ಲಿ ಹದಿನಾಲ್ಕು ಚಿತ್ರಗಳನ್ನು ಒಂದೇ ಗೆರೆಗೆ ತರಲು ಗುರುವಾರದ ಹಗಲೆಲ್ಲ ಹೋಯಿತು. ಫ್ಯಾನು ಹಾಕಿದರೆ ಮತ್ತೆ ಓಲಾಡುತ್ತಿದ್ದವು.

ಕಾನೂನಿನ ಮೊರೆ ಹೋಗಿ ಎಂದು ಕೆಲವು ಗೆಳೆಯರು ಸಲಹೆ ಕೊಟ್ಟರು. ಪರಿಚಯದ ವಕೀಲರೊಬ್ಬರನ್ನು ಕೇಳಿ ತಿಳಿದದ್ದು ಇಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧ ಕಲಾವಿದರಿಗೆ ರಕ್ಷಣೆ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ ಹೋರಾಡಿ, 2005ರಲ್ಲಿ ದೆಹಲಿ ಹೈಕೋರ್ಟಿನಿಂದ ಪರಿಹಾರಕ್ಕೂ ಉಳಿದ ಭಾಗಗಳ ವಾಪಸಾತಿಗೂ ಆದೇಶ ಪಡೆದದ್ದು ಇದೇ ಕಲಮಿನ ಬಲದಿಂದ. ಆದರೆ ಅದೇ ಕಲಮಿನ ವಿವರಣೆಯಲ್ಲಿ ಇನ್ನೊಂದು ಮಾತೂ ಇದೆ: ಕೃತಿಯನ್ನು ಪ್ರದರ್ಶಿಸದಿರುವುದಾಗಲಿ, ಕರ್ತೃವಿಗೆ ತೃಪ್ತಿಯಾಗುವಂತೆ ಪ್ರದರ್ಶಿಸದಿರುವುದಾಗಲಿ ಹಕ್ಕಿನ ಉಲ್ಲಂಘನೆಯಲ್ಲ. ಎಂದರೆ ಎರಡು ಅಂಗುಲದ ಗೀರಿಗೆ ನಾವು ನ್ಯಾಯಾಲಯದ ಬಾಗಿಲು ತಟ್ಟಿ ನೋಡಬಹುದು, ಗ್ಯಾಲರಿಯ ಮುಚ್ಚಿದ ಬಾಗಿಲಿಗೆ ಈ ಕಲಮಿನಲ್ಲಿ ದಾರಿಯಿಲ್ಲ. ಗೀರಿಗಾಗಿ ಆಕೆ ಕೋರ್ಟಿಗೆ ಹೋಗುವವಳಲ್ಲ. ಬಾಗಿಲಿನ ವಿಷಯ ತಮ್ಮ ವಿವೇಚನೆಗೆ ಬಿಟ್ಟದ್ದು. ಅದಕ್ಕಾಗಿಯೇ ಈ ಪತ್ರ.

ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಏರ್ಪಾಟಿನ ವಿರುದ್ಧ 2016ರಲ್ಲಿ ಕಲಾವಿದರು ಪ್ರತಿಭಟನೆಗಿಳಿದಾಗ, ಇಲ್ಲಿಂದ ನಾವು ಕೆಲವು ಡ್ರಾಯಿಂಗ್ ಮಾಸ್ತರರೂ ಬೆಂಬಲದ ಪತ್ರಕ್ಕೆ ಸಹಿ ಹಾಕಿ ಕಳಿಸಿದ್ದೆವು. ಸರ್ಕಾರದ ಗ್ಯಾಲರಿ ಸರ್ಕಾರದ ಕೈಯಲ್ಲೇ ಉಳಿಯಲಿ, ಕಡಿಮೆ ಬಾಡಿಗೆಗೆ ಹೊಸ ಹುಡುಗರಿಗೆ ಗೋಡೆ ಸಿಗಲಿ ಎಂಬುದು ನಮ್ಮ ವಾದವಾಗಿತ್ತು. ಇಂದಿಗೂ ಅದೇ ವಾದ. ಖಾಸಗಿ ಗ್ಯಾಲರಿಗಳು ಮಾರಾಟದಲ್ಲಿ ದೊಡ್ಡ ಪಾಲು ಕೇಳುತ್ತವೆ, ಹೆಸರಿಲ್ಲದವರತ್ತ ತಿರುಗಿಯೂ ನೋಡುವುದು ಕಡಿಮೆ. ಹಾಗೆಂದೇ ತಮ್ಮ ಗ್ಯಾಲರಿ ನಮಗೆ ಬೇಕು. ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದರು ಬೆಂಗಳೂರಿಗೆ ಹೋಗಿ 1968ರಲ್ಲಿ ಕೆನ್ ಕಲಾಶಾಲೆ ಕಟ್ಟಿ ಎಷ್ಟೋ ಬಡ ಹುಡುಗರನ್ನು ಕಲಾವಿದರನ್ನಾಗಿ ಮಾಡಿದರು, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಶಾಲೆಯಿಂದ ನಮ್ಮ ಭಾಗದ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರು ಬಂದರು. ಕಲಿಸುವವರ ಕೊರತೆ ನಮ್ಮ ಭಾಗಕ್ಕೆ ಅಷ್ಟಾಗಿ ಇರಲಿಲ್ಲ. ಕಲಿತವರು ಇಲ್ಲೇ ಉಳಿದು ತಮ್ಮ ಕೆಲಸ ತಮ್ಮವರಿಗೆ ತೋರಿಸಲು ಜಾಗವಿಲ್ಲದೆ ಬೆಂಗಳೂರಿನ ರೈಲು ಹತ್ತುತ್ತಾರೆ. ಗುಳೇದಗುಡ್ಡದ ಮಗ್ಗದ ಚಿತ್ರವನ್ನು ಗುಳೇದಗುಡ್ಡದವರು ನೋಡಲು ಬೆಂಗಳೂರಿಗೆ ಹೋಗಬೇಕೇ?

ತಮ್ಮಲ್ಲಿ ನನ್ನ ಮೊದಲ ಕೋರಿಕೆ ಬಾಗಿಲಿನದು. ಪ್ರದರ್ಶನವಿರುವ ವಾರ ಶನಿವಾರ, ರವಿವಾರ ಗ್ಯಾಲರಿ ತೆರೆದಿರಲಿ, ಸಂಜೆ ಎಂಟರವರೆಗೆ ಇರಲಿ. ಸಿಬ್ಬಂದಿಗೆ ವಾರದ ಬೇರೆ ದಿನ ರಜೆ ಕೊಡಬಹುದು. ಅವರ ಹೊಟ್ಟೆಯ ಮೇಲೆ ಹೊಡೆದು ಕಲೆ ಬೆಳೆಸಿ ಎಂದು ನಾನು ಹೇಳುತ್ತಿಲ್ಲ. ಕೈ ಕಡಿಮೆಯಿದ್ದರೆ ಬೆಳಿಗ್ಗೆ ಹತ್ತೂವರೆಯ ಬದಲು ಮಧ್ಯಾಹ್ನ ಒಂದಕ್ಕೆ ತೆರೆದರೂ ನಷ್ಟವಿಲ್ಲ, ಬೆಳಗಿನ ಹೊತ್ತು ಬರುವವರು ನಿಜವಾಗಿಯೂ ಕಡಿಮೆ. ಬಾಡಿಗೆಯನ್ನು ಬಾಗಿಲು ತೆರೆದಿರುವ ದಿನಗಳಿಗೆ ಮಾತ್ರ ಲೆಕ್ಕ ಹಾಕುವ, ಚಿತ್ರಗಳನ್ನು ತೂಗುಹಾಕುವ ಮತ್ತು ಇಳಿಸುವ ಎರಡು ಅರ್ಧ ದಿನಗಳನ್ನು ಅದರಿಂದ ಹೊರಗಿಡುವ ತಿದ್ದುಪಡಿ ನಿಯಮಕ್ಕೆ ಬರಲಿ. ಒಮ್ಮೆ ಕಾಯ್ದಿರಿಸಿದ ಮೇಲೆ ಯಾವ ಕಾರ್ಯಾಗಾರಕ್ಕಾಗಿಯೂ ಅವಧಿಯನ್ನು ಮೊಟಕು ಮಾಡಬಾರದು.

ಉದ್ಘಾಟನೆಯ ವೇದಿಕೆಯನ್ನು ಹೊರಗಿನ ಜಗಲಿಗೆ ಸ್ಥಳಾಂತರಿಸಲು ಕೋರುತ್ತೇನೆ. ಜಾಗ ಸಾಲುತ್ತದೆ, ಬೇವಿನ ನೆರಳೂ ಇದೆ. ಫ್ಲೆಕ್ಸ್ ಅಲ್ಲಿ ಎಷ್ಟು ದೊಡ್ಡದಿದ್ದರೂ ನಮ್ಮ ತಕರಾರಿಲ್ಲ. ಕಲಾವಿದರ ಅನುಮತಿಯಿಲ್ಲದೆ ಗೋಡೆಯ ಚಿತ್ರವನ್ನು ಯಾರೂ ಮುಟ್ಟಬಾರದೆಂಬ ಫಲಕವೊಂದನ್ನು ಹಾಕಿಸಬೇಕು. ಚಿತ್ರಗಳನ್ನು ಒಪ್ಪಿಸುವಾಗ ಮತ್ತು ಹಿಂದಕ್ಕೆ ಪಡೆಯುವಾಗ ಅವುಗಳ ಸ್ಥಿತಿಯನ್ನು ನೋಡಿ ಇಬ್ಬರೂ ಸಹಿ ಹಾಕುವ ಒಂದು ಪಟ್ಟಿ ಇದ್ದರೆ, ಗಾಜು ಒಡೆದದ್ದು ಯಾರಿಂದ ಎಂಬ ಚರ್ಚೆಯೇ ಬರುವುದಿಲ್ಲ. ಹಾಗೆ ನೋಡಿದರೆ ಅಂಥದೇ ಇನ್ನೊಂದು ಚರ್ಚೆಯ ನೆಪದಲ್ಲೇ ಆಕೆಯ 3,000 ರೂಪಾಯಿ ಠೇವಣಿ ಇನ್ನೂ ತಮ್ಮ ಕಚೇರಿಯಲ್ಲಿದೆ. ಗೋಡೆಗೆ ಹಗ್ಗದ ಗುರುತು ಬಿದ್ದಿದೆಯೆಂದು ತಡೆಹಿಡಿದಿದ್ದಾರೆ. ಹಗ್ಗ ಕೊಟ್ಟವರೇ ತಾವು. ದಯವಿಟ್ಟು ಅದನ್ನು ಹಿಂದಿರುಗಿಸಬೇಕು.

ದೀಪ, ಹಳಿಗಳಿಗೆ ಹಣ ಬೇಕಾಗುತ್ತದೆ, ಅದಕ್ಕೆ ಸಮಯವೂ ಹಿಡಿಯುತ್ತದೆ ಎಂಬುದನ್ನು ಬಲ್ಲೆ. ಅಲ್ಲಿಯವರೆಗೆ ಕೆಟ್ಟಿರುವ ಟ್ಯೂಬುಗಳನ್ನಾದರೂ ಬದಲಿಸಿ, ನಡುವಿನ ಸಾಲನ್ನು ಗೋಡೆಯ ಸಮೀಪಕ್ಕೆ ಸರಿಸಬಹುದು. ಸಮಿತಿಯ ಏಳು ಸದಸ್ಯರಲ್ಲಿ ಏಳೂ ಮಂದಿ ಪದನಿಮಿತ್ತ ಅಧಿಕಾರಿಗಳಿದ್ದೀರಿ. ಕುಂಚ ಹಿಡಿದವರೊಬ್ಬರನ್ನು ಎಂಟನೆಯವರಾಗಿ ಸೇರಿಸಿಕೊಂಡರೆ ಇಂಥ ಪತ್ರಗಳನ್ನು ಓದುವ ಶ್ರಮ ತಪ್ಪುತ್ತದೆ. ಆ ಸ್ಥಾನ ನನಗೆ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಯೋಗ್ಯರಾದ ಕಿರಿಯರು ಸಾಕಷ್ಟಿದ್ದಾರೆ.

ಕೊನೆಯ ಕೋರಿಕೆ ಆ ಕಲಾವಿದೆಯ ಪರವಾಗಿ. ಮುಚ್ಚಿದ್ದ ಎರಡು ದಿನ, ಕತ್ತರಿಸಿದ ಸೋಮವಾರದ ಉಳಿದರ್ಧ, ಇವುಗಳ ಬದಲಿಗೆ ಮುಂದಿನ ಎರಡು ತಿಂಗಳಲ್ಲಿ ಯಾವುದಾದರೂ ಒಂದು ಶನಿವಾರ, ರವಿವಾರ ಗ್ಯಾಲರಿಯನ್ನು ಬಾಡಿಗೆಯಿಲ್ಲದೆ ಆಕೆಗೆ ಕೊಡಿ. ಉದ್ಘಾಟನೆ ಬೇಡ, ಅತಿಥಿಗಳು ಬೇಡ, ಹಾರ ತುರಾಯಿ ಬೇಡ. ಬೀಗದ ಕೈ ಇರುವವರೊಬ್ಬರು ಬಂದರೆ ಸಾಕು. ಚಿತ್ರಗಳು ಬಬಲ್ ಶೀಟು ಸುತ್ತಿಕೊಂಡು ನನ್ನ ಮನೆಯ ಅಟ್ಟದ ಮೇಲಿವೆ, ಏಳನೆಯದಕ್ಕೆ ಹೊಸ ಗಾಜು ಹಾಕಿಸಿಯಾಗಿದೆ, ಗೀರು ಹಾಗೆಯೇ ಇದೆ. ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿದರೆ ಗುಳೇದಗುಡ್ಡದವರಿಗೆ ಮತ್ತೆ ಟಂಟಂ ಗೊತ್ತು ಮಾಡಲು ಅನುಕೂಲವಾಗುತ್ತದೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ